ಎರಡನೇ ದನಿ: ಯುರೋಪಿನ ಚರ್ಚ್ ಸಂಗೀತ ಕಾಲವನ್ನು ಬರೆಯಲು ಕಲಿತ ಬಗೆ

ಎಲ್ಲರಿಗೂ ನಮಸ್ಕಾರ. ಈಗ ತಾನೇ ನೀವು ಎರಡು ಧ್ವನಿಮುದ್ರಣ ಕೇಳಿದಿರಿ. ಎರಡರಲ್ಲೂ ಇದ್ದದ್ದು ಒಂದೇ ಹಾಡು ಅಂದರೆ ನಂಬೋದು ಕಷ್ಟ. ಆದರೆ ಒಂದೇ. ಲ್ಯಾಟಿನ್ ಭಾಷೆಯ 'ವಿಡೆರುಂತ್ ಓಮ್ನೆಸ್'. ಕ್ರಿಸ್ಮಸ್ ದಿನದ ಬಲಿಪೂಜೆಯಲ್ಲಿ, ಅಂದರೆ ಮಾಸ್ ಎನ್ನುವ ಚರ್ಚಿನ ಮುಖ್ಯ ಆರಾಧನೆಯಲ್ಲಿ, ಹಾಡುವ ಕೀರ್ತನೆಯ ಸಾಲು. ಭೂಮಿಯ ಅಂಚಿನವರೆಗೂ ಎಲ್ಲರೂ ನಮ್ಮ ದೇವರ ರಕ್ಷಣೆಯನ್ನು ಕಂಡರು ಅಂತ ಅದರ ಅರ್ಥ.

ಮೊದಲನೆಯದರಲ್ಲಿ ಎಲ್ಲರೂ ಒಂದೇ ಧಾಟಿಯನ್ನು ಒಟ್ಟಿಗೆ ಹಾಡಿದರು. ಕೆಲವೇ ನಿಮಿಷದಲ್ಲಿ ಮುಗಿಯಿತು. ಎರಡನೆಯದರಲ್ಲಿ ನಾಲ್ಕು ದನಿ. 'ವಿ' ಎನ್ನುವ ಒಂದೇ ಅಕ್ಷರ ಶುರುವಾಯಿತು, ಮುಗಿಯುವ ಲಕ್ಷಣವೇ ಕಾಣಲಿಲ್ಲ. ಇಡೀ ಕೃತಿ ಹಾಡಲು ಹನ್ನೊಂದು ಹನ್ನೆರಡು ನಿಮಿಷ ಬೇಕು. ಆದರೂ ಎರಡನೆಯದರ ಒಳಗೆ ಮೊದಲನೆಯದು ಹಾಗೇ ಇದೆ. ಒಂದು ಸ್ವರವನ್ನೂ ತೆಗೆದಿಲ್ಲ. ಈ ಎರಡರ ನಡುವೆ ಸುಮಾರು 300 ವರ್ಷಗಳ ಕೆಲಸ ಇದೆ. ಇವತ್ತಿನ ಮಾತು ಅದರ ಬಗ್ಗೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಯುರೋಪಿನ ಚರ್ಚಿನಲ್ಲಿ ಬಹುಧ್ವನಿ ಗಾಯನ ಬೆಳೆದದ್ದು ಹಳೆಯ ಹಾಡು ಬೇಸರ ಬಂದು ಅಲ್ಲ. ಆ ಹಾಡು ಅವರಿಗೆ ಪವಿತ್ರ, ಅದನ್ನು ಮುಟ್ಟುವ ಹಾಗಿಲ್ಲ. ಹಬ್ಬದ ದಿನ ಅದನ್ನು ಇನ್ನಷ್ಟು ಚೆಂದ ಮಾಡಬೇಕು ಅನ್ನಿಸಿತು, ಪಕ್ಕದಲ್ಲಿ ಇನ್ನೊಂದು ದನಿ ಸೇರಿಸಿದರು. ಸೇರಿಸಿದ ಮೇಲೆ ಪ್ರಶ್ನೆ ಹುಟ್ಟಿತು: ಇಬ್ಬರೂ ಒಟ್ಟಿಗೆ ಹೋಗೋದು ಹೇಗೆ? ಯಾರು ಎಷ್ಟು ಹೊತ್ತು ನಿಲ್ಲಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ ಅವರು ಕಾಲವನ್ನೇ ಕಾಗದದ ಮೇಲೆ, ಅಂದರೆ ಆಗ ಚರ್ಮದ ಹಾಳೆಯ ಮೇಲೆ, ಬರೆಯಲು ಕಲಿತರು.

ಹಳೆಯ ಹಾಡು ಅಂದೆನಲ್ಲ, ಅದನ್ನು ನಾವು ಗ್ರೆಗೋರಿಯನ್ ಗಾಯನ ಅಂತ ಕರೆಯುತ್ತೇವೆ. 8ನೇ ಶತಮಾನದಲ್ಲಿ ಫ್ರಾಂಕ್ ದೊರೆ ಪೆಪಿನ್, ಆಮೇಲೆ ಅವನ ಮಗ ಶಾರ್ಲೆಮೇನ್, ತಮ್ಮ ರಾಜ್ಯದಲ್ಲೆಲ್ಲ ರೋಮಿನ ಪೂಜಾಕ್ರಮವೇ ನಡೆಯಬೇಕು ಎಂದು ಹೊರಟರು. ಪೂಜೆಯ ಜತೆ ಹಾಡೂ ಬಂತು. ಕಲಿಯುವುದು ಬಾಯಿಂದ ಬಾಯಿಗೆ. 9ನೇ ಶತಮಾನದಲ್ಲಿ ಪದಗಳ ಮೇಲೆ ಸಣ್ಣ ಗೀಟು, ಕೊಕ್ಕೆ ಹಾಕತೊಡಗಿದರು. ಈ ಗುರುತುಗಳಿಗೆ ನ್ಯೂಮ್ ಅಂತ ಹೆಸರು. ದನಿ ಏರುತ್ತದೆ, ಇಳಿಯುತ್ತದೆ ಅನ್ನುವುದು ಅದರಲ್ಲಿ ತಿಳಿಯುತ್ತದೆ. ಎಷ್ಟು ಏರಬೇಕು, ಎಷ್ಟು ಹೊತ್ತು ಅನ್ನುವುದು ತಿಳಿಯುವುದಿಲ್ಲ. ಹಾಡು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ಉಪಯೋಗ.

ಎರಡನೇ ದನಿ ಸೇರಿಸುವ ನಿಯಮಗಳು ಮೊದಲ ಬಾರಿಗೆ ಸ್ಪಷ್ಟವಾಗಿ ಸಿಗುವುದು 9ನೇ ಶತಮಾನದ ಕೊನೆಯ ಹೊತ್ತಿನ ಒಂದು ಪಾಠಪುಸ್ತಕದಲ್ಲಿ. ಹೆಸರು 'ಮ್ಯೂಸಿಕಾ ಎಂಕಿರಿಯಾಡಿಸ್'. ಈ ಬಗೆಯ ಹಾಡಿಕೆಗೆ ಅಲ್ಲಿ 'ಆರ್ಗನುಂ' ಎಂದು ಕರೆದಿದ್ದಾರೆ. ನಿಯಮ ಕೇಳಲು ಸುಲಭ. ಒಬ್ಬ ಮೂಲ ಧಾಟಿಯನ್ನು ಹಾಡಲಿ. ಇನ್ನೊಬ್ಬ ಅದೇ ಧಾಟಿಯನ್ನು ನಾಲ್ಕು ಅಥವಾ ಐದು ಸ್ವರ ಕೆಳಗಿನಿಂದ ಹಾಡಲಿ. ನಮ್ಮ ಲೆಕ್ಕದಲ್ಲಿ ಷಡ್ಜಕ್ಕೂ ಮಧ್ಯಮಕ್ಕೂ ಇರುವ ದೂರ, ಅಥವಾ ಷಡ್ಜಕ್ಕೂ ಪಂಚಮಕ್ಕೂ ಇರುವ ದೂರ. ಇಬ್ಬರೂ ಅದೇ ದೂರ ಕಾಯ್ದುಕೊಂಡು ಒಟ್ಟಿಗೆ ಏರಿ ಒಟ್ಟಿಗೆ ಇಳಿಯಬೇಕು.

ಆದರೆ ನಾಲ್ಕು ಸ್ವರದ ದೂರದಲ್ಲಿ ಹೋಗುವಾಗ ಒಂದು ತೊಡಕು ಬರುತ್ತದೆ. ಸಂಗೀತ ಗೊತ್ತಿದ್ದವರು ಇಲ್ಲಿ ಸ್ವಲ್ಪ ಗಮನಿಸಿ. ಸ್ವರಸಾಲಿನ ಎಲ್ಲ ಜಾಗದಲ್ಲೂ ಆ ದೂರ ಶುದ್ಧ ಮಧ್ಯಮದಷ್ಟೇ ಇರುವುದಿಲ್ಲ. ಒಂದು ಕಡೆ ಅದು ಪ್ರತಿಮಧ್ಯಮದ ದೂರ ಆಗಿಬಿಡುತ್ತದೆ. ಒಟ್ಟಿಗೆ ಹಾಡಿದರೆ ಅದು ಅವರ ಕಿವಿಗೆ ಚುಚ್ಚುತ್ತಿತ್ತು. ಪುಸ್ತಕ ಕೊಡುವ ಉಪಾಯ ಏನು ಗೊತ್ತಾ? ಆ ಜಾಗ ಬಂದಾಗ ಎರಡನೇ ಗಾಯಕ ಕೆಳಗೆ ಇಳಿಯದೆ ಇದ್ದಲ್ಲೇ ನಿಲ್ಲಲಿ. ಮೂಲ ಧಾಟಿ ಚಲಿಸುತ್ತಿರಲಿ. 'ರೆಕ್ಸ್ ಚೇಲಿ' ಎಂಬ ಹಾಡನ್ನು ಉದಾಹರಣೆಗೆ ಕೊಟ್ಟಿದ್ದಾರೆ. ಇಬ್ಬರೂ ಒಂದೇ ಸ್ವರದಲ್ಲಿ ಶುರುಮಾಡುತ್ತಾರೆ. ಒಬ್ಬ ಮೇಲೇರುತ್ತಾನೆ, ಇನ್ನೊಬ್ಬ ನಿಂತಿರುತ್ತಾನೆ. ನಾಲ್ಕು ಸ್ವರದ ದೂರ ಸಿಕ್ಕಿದ ಮೇಲೆ ಇಬ್ಬರೂ ಜತೆಯಾಗಿ ನಡೆಯುತ್ತಾರೆ. ಸಾಲಿನ ಕೊನೆಗೆ ಮತ್ತೆ ಒಂದೇ ಸ್ವರಕ್ಕೆ ಬಂದು ಸೇರುತ್ತಾರೆ.

ನನಗೆ ಈ ಜಾಗ ತುಂಬಾ ಮುಖ್ಯ ಅನ್ನಿಸುತ್ತದೆ. ಎರಡನೇ ದನಿಗೆ ತನ್ನದೇ ದಾರಿ ಸಿಕ್ಕಿದ್ದು ಇಲ್ಲೇ. ಅದನ್ನು ಯಾರೂ ದೊಡ್ಡ ಕಲ್ಪನೆಯಾಗಿ ತರಲಿಲ್ಲ. ಒಂದು ಕರ್ಕಶ ಸ್ವರಜೋಡಿಯನ್ನು ತಪ್ಪಿಸಿಕೊಳ್ಳಲು ಹೋಗಿ ಬಂತು.

ಹಾಗಂತ ಹಲವು ದನಿಯಲ್ಲಿ ಹಾಡುವುದನ್ನು ಚರ್ಚಿನವರೇ ಕಂಡುಹಿಡಿದರು ಅಂತ ನಾನು ಹೇಳುತ್ತಿಲ್ಲ. 12ನೇ ಶತಮಾನದ ಕೊನೆಯಲ್ಲಿ ಜೆರಾಲ್ಡ್ ಆಫ್ ವೇಲ್ಸ್ ಎಂಬ ಪಾದ್ರಿ ತನ್ನ ನಾಡಿನ ಜನರ ಬಗ್ಗೆ ಬರೆಯುತ್ತಾ, ಇವರು ಒಂದೇ ದನಿಯಲ್ಲಿ ಹಾಡುವುದಿಲ್ಲ, ಗುಂಪಿನಲ್ಲಿ ಎಷ್ಟು ಜನವೋ ಅಷ್ಟು ದನಿ ಕೇಳುತ್ತದೆ ಎನ್ನುತ್ತಾನೆ. ಅವರ ಹಾಡು ಬರಹಕ್ಕೆ ಇಳಿಯಲಿಲ್ಲ, ಹಾಗಾಗಿ ಅದರ ಕಥೆ ನಮಗೆ ಸಿಗುವುದಿಲ್ಲ. ಚರ್ಚಿನವರು ಬರೆದರು. ವ್ಯತ್ಯಾಸ ಅಷ್ಟೇ, ಆದರೆ ಅದು ದೊಡ್ಡ ವ್ಯತ್ಯಾಸ.

ಪಾಠಪುಸ್ತಕದಲ್ಲಿ ನಿಯಮ ಇರುವುದು ಬೇರೆ, ಜನ ನಿಜವಾಗಿ ಹಾಡಿದ್ದು ಬೇರೆ ಅಲ್ವಾ? ಹಾಡಲೆಂದೇ ಬರೆದ ತೀರಾ ಹಳೆಯ ತುಣುಕೊಂದು 2014ರಲ್ಲಿ ಸುದ್ದಿಯಾಯಿತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಸಂತರೊಬ್ಬರ ಜೀವನಚರಿತ್ರೆಯ ಹಸ್ತಪ್ರತಿ ಇದೆ. ಅದರ ಕೊನೆಯ ಖಾಲಿ ಜಾಗದಲ್ಲಿ ಯಾರೋ ಕ್ರಿ.ಶ. 900ರ ಆಸುಪಾಸಿನಲ್ಲಿ ಸಂತ ಬೋನಿಫೇಸ್‌ನನ್ನು ನೆನೆಯುವ ಒಂದು ಪುಟ್ಟ ಹಾಡನ್ನು ಗುರುತು ಮಾಡಿಟ್ಟಿದ್ದರು. ಜೊವಾನಿ ವಾರೆಲ್ಲಿ ಎಂಬ ಸಂಶೋಧಕ ಆ ಗುರುತುಗಳನ್ನು ಬಿಡಿಸಿದಾಗ ಎರಡು ದನಿ ಇರುವುದು ಗೊತ್ತಾಯಿತು. ಆ ತುಣುಕು ಪುಸ್ತಕದ ನಿಯಮವನ್ನು ಪೂರ್ತಿ ಪಾಲಿಸುವುದೂ ಇಲ್ಲ. ಅಷ್ಟು ಬೇಗನೇ ಹಾಡುವವರು ತಮ್ಮ ಕಿವಿಯನ್ನು ನಂಬಿ ಅಲ್ಲಲ್ಲಿ ಬೇರೆ ದಾರಿ ಹಿಡಿದಿದ್ದರು.

ಮುಂದಿನ ನೂರು ವರ್ಷದಲ್ಲಿ ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಇಂಥ 150ಕ್ಕೂ ಹೆಚ್ಚು ಹಾಡುಗಳ ಸಂಗ್ರಹವೇ ಸಿದ್ಧವಾಯಿತು. ಈಗ ಅದು ಕೇಂಬ್ರಿಜ್‌ನಲ್ಲಿದೆ. ಆದರೆ ಅದರಲ್ಲೂ ಹಳೆಯ ನ್ಯೂಮ್ ಗುರುತುಗಳೇ. ಸ್ವರ ಯಾವುದು ಅನ್ನುವುದನ್ನು ಇವತ್ತಿನವರು ಊಹೆಯಿಂದ ತುಂಬಿಕೊಳ್ಳಬೇಕು.

ಈ ಊಹೆಯ ಕಷ್ಟವನ್ನು ನೀಗಿಸಿದವನು ಇಟಲಿಯ ಸನ್ಯಾಸಿ ಗ್ವಿಡೊ. ಅರೆಝೊ ಊರಿನಲ್ಲಿ ಹುಡುಗರಿಗೆ ಹಾಡು ಕಲಿಸುತ್ತಿದ್ದ. ಕಾಲ 1025ರ ಸುಮಾರು. ಗೆರೆಗಳನ್ನು ಎಳೆದು, ಗೆರೆಯ ಮೇಲೆ ಒಂದು ಸ್ವರ, ಎರಡು ಗೆರೆಯ ನಡುವೆ ಒಂದು ಸ್ವರ ಅಂತ ಗೊತ್ತು ಮಾಡಿದ. ಒಂದು ಗೆರೆಗೆ ಕೆಂಪು, ಇನ್ನೊಂದಕ್ಕೆ ಹಳದಿ ಬಣ್ಣ. ಉತ್, ರೆ, ಮಿ, ಫಾ, ಸೊಲ್, ಲಾ ಎಂಬ ಸ್ವರದ ಹೆಸರುಗಳನ್ನೂ ಕೊಟ್ಟ. ಸಂತ ಯೋವಾನ್ನನ ಸ್ತುತಿಗೀತೆಯ ಸಾಲುಗಳ ಮೊದಲ ಅಕ್ಷರಗಳು ಅವು. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ತನ್ನ ಪದ್ಧತಿಯಲ್ಲಿ ಒಂದೋ ಎರಡೋ ವರ್ಷಕ್ಕೆ ಇಳಿಯುತ್ತದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಪೋಪ್ 19ನೇ ಯೋವಾನ್ನ ಅವನನ್ನು ರೋಮಿಗೆ ಕರೆಸಿ ಪುಸ್ತಕ ತಿರುವಿ ನೋಡಿದ. ಹಿಂದೆಂದೂ ಕೇಳದ ಒಂದು ಸಾಲನ್ನು ತಾನೇ ಓದಿ ಹಾಡಿದ.

ಸ್ವರದ ಎತ್ತರ ಬರೆಯುವುದು ಬಂತು. ಸ್ವರ ಎಷ್ಟು ಹೊತ್ತು ಅನ್ನುವುದು ಇನ್ನೂ ಬರಲಿಲ್ಲ. ಆಗ ಅದರ ಅಗತ್ಯವೂ ಇರಲಿಲ್ಲ. ಇಬ್ಬರೂ ಒಂದು ಸ್ವರಕ್ಕೆ ಒಂದು ಸ್ವರ ಎಂದು ಹಾಡುವಾಗ ಪದದ ಅಕ್ಷರಗಳೇ ಅವರನ್ನು ಜತೆಗಿಡುತ್ತವೆ.

1100ರ ಆಚೀಚೆ ಫ್ರಾನ್ಸಿನ ದಕ್ಷಿಣದಲ್ಲಿ ಈ ಲೆಕ್ಕ ತಪ್ಪಿತು. ಲಿಮೋಜ್ ಪಟ್ಟಣದ ಸಂತ ಮಾರ್ಸಿಯಲ್ ಮಠದಲ್ಲಿ ಉಳಿದುಬಂದ ಹಸ್ತಪ್ರತಿಗಳಲ್ಲಿ ಕೆಳಗಿನ ದನಿಯ ಒಂದು ಸ್ವರಕ್ಕೆ ಮೇಲಿನ ದನಿ ಐದು, ಹತ್ತು, ಕೆಲವೊಮ್ಮೆ ಇನ್ನೂ ಜಾಸ್ತಿ ಸ್ವರ ಹಾಡುತ್ತದೆ. ನಮ್ಮ ಕಚೇರಿಯಲ್ಲಿ ತಂಬೂರಿಯ ಶ್ರುತಿಯ ಮೇಲೆ ಗಾಯಕರು ಆಲಾಪ ಮಾಡುತ್ತಾರಲ್ಲ, ಕೇಳಲು ಹೆಚ್ಚುಕಡಿಮೆ ಹಾಗೇ. ಒಂದೇ ವ್ಯತ್ಯಾಸ, ಇಲ್ಲಿ ಶ್ರುತಿ ಒಂದೇ ಕಡೆ ಕೂರುವುದಿಲ್ಲ. ಕೆಳಗಿನವನು ಹಿಡಿದಿರುವುದು ಹಳೆಯ ಪವಿತ್ರ ಧಾಟಿಯ ಒಂದು ಸ್ವರ. ಮೇಲಿನವನ ಹೆಣಿಗೆ ಮುಗಿದಾಗ ಅವನು ಧಾಟಿಯ ಮುಂದಿನ ಸ್ವರಕ್ಕೆ ಹೋಗಬೇಕು. ಯಾವಾಗ ಹೋಗಬೇಕು? ಇಬ್ಬರೇ ಇದ್ದರೆ ಮುಖ ನೋಡಿಕೊಂಡು, ಉಸಿರು ಕೇಳಿಸಿಕೊಂಡು ಸಂಭಾಳಿಸಬಹುದು.

ಸ್ಪೇನಿನ ಸಂತಿಯಾಗೊ ಯಾತ್ರಾಸ್ಥಳದಲ್ಲೂ ಇದೇ ಕಾಲದ ಒಂದು ಸುಂದರ ಹಸ್ತಪ್ರತಿ ಇದೆ. ಹೆಸರು ಕೋಡೆಕ್ಸ್ ಕಾಲಿಕ್ಸ್ಟಿನುಸ್. 2011ರಲ್ಲಿ ಅದು ಕಳುವಾಗಿತ್ತು. ಮರುವರ್ಷ ಒಂದು ಗ್ಯಾರೇಜಿನಲ್ಲಿ ಸಿಕ್ಕಿತು. ಎಂಟುನೂರು ವರ್ಷ ಉಳಿದುಬಂದ ಹಾಡುಗಳು ಆ ಒಂದು ವರ್ಷದಲ್ಲಿ ಇಲ್ಲವಾಗಿಬಿಡಬಹುದಿತ್ತು. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಈಗ ಪ್ಯಾರಿಸಿಗೆ ಬರೋಣ.

ನೋತ್ರ್ ದಾಮ್ ಎಂಬ ದೊಡ್ಡ ಚರ್ಚಿನ ಕಟ್ಟಡದ ಕೆಲಸ 1163ರಲ್ಲಿ ಶುರುವಾಯಿತು ಎಂದು ಹೇಳುತ್ತಾರೆ. 1182ರಲ್ಲಿ ಮುಖ್ಯ ಪೀಠದ ಪ್ರತಿಷ್ಠೆ ಆಯಿತು. ಚಾವಣಿ 30 ಮೀಟರಿಗಿಂತ ಎತ್ತರ, ಸುತ್ತ ಕಲ್ಲು. ಅಲ್ಲಿ ಹಾಡಿದ ಒಂದು ಸ್ವರ ತಕ್ಷಣ ಸಾಯುವುದಿಲ್ಲ, ಮುಂದಿನ ಸ್ವರದ ಮೇಲೆ ಬಂದು ಬೀಳುತ್ತದೆ. ಷಡ್ಜ ಪಂಚಮಗಳ ಜೋಡಿ ಇಂಥ ಜಾಗದಲ್ಲಿ ಎಷ್ಟು ತುಂಬಿಕೊಂಡು ಕೇಳುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಕೆಲಸ ಮಾಡಿದ ಇಬ್ಬರ ಹೆಸರು ನಮಗೆ ಗೊತ್ತಿರುವುದು ಒಬ್ಬ ಹೆಸರಿಲ್ಲದ ಲೇಖಕನಿಂದ. ಬಹುಶಃ ಪ್ಯಾರಿಸಿನಲ್ಲಿ ಓದಿ ಹೋದ ಇಂಗ್ಲಿಷ್ ವಿದ್ಯಾರ್ಥಿ. 13ನೇ ಶತಮಾನದ ಕೊನೆಯ ಭಾಗದಲ್ಲಿ ಬರೆದ. ವಿದ್ವಾಂಸರು ಅವನನ್ನು 'ನಾಲ್ಕನೇ ಅನಾಮಿಕ' ಎಂದು ಕರೆಯುತ್ತಾರೆ. ಅವನು ಹೇಳುವ ಪ್ರಕಾರ ಲಿಯೋನಿನ್ ಎಂಬ ಗುರು ವರ್ಷದ ಹಬ್ಬಗಳಿಗೆಲ್ಲ ಬೇಕಾಗುವ ಎರಡು ದನಿಯ ಹಾಡುಗಳನ್ನು ಕೂಡಿಸಿ 'ಮಾಗ್ನುಸ್ ಲಿಬರ್' ಎಂಬ ದೊಡ್ಡ ಪುಸ್ತಕ ಮಾಡಿದ. ಆಮೇಲೆ ಬಂದ ಪೆರೊಟಿನ್ ಅದನ್ನು ಅಲ್ಲಲ್ಲಿ ಮೊಟಕು ಮಾಡಿ, ಹೊಸ ಭಾಗ ಸೇರಿಸಿ, ಮೂರು ದನಿಗೆ ಮತ್ತು ನಾಲ್ಕು ದನಿಗೆ ಕೃತಿಗಳನ್ನು ಮಾಡಿದ. ನೀವು ಕೇಳಿದ 'ವಿಡೆರುಂತ್' ಅವನದೇ.

ಮೂರು ನಾಲ್ಕು ಜನ ಅಂದ ಕೂಡಲೇ ಮುಖ ನೋಡಿಕೊಂಡು ಹಾಡುವ ಉಪಾಯ ಸಾಲುವುದಿಲ್ಲ. ಕಾಲವನ್ನು ಅಳೆಯಲೇಬೇಕು. ಪ್ಯಾರಿಸಿನವರು ಅಳೆದ ರೀತಿ ನಮ್ಮ ಛಂದಸ್ಸು ಓದಿದವರಿಗೆ ತಕ್ಷಣ ಅರ್ಥ ಆಗುತ್ತದೆ. ಗುರು, ಲಘು. ಉದ್ದ ಸ್ವರ, ಗಿಡ್ಡ ಸ್ವರ. ಅವನ್ನು ಜೋಡಿಸಿ ಆರು ಮಾದರಿ ಮಾಡಿಕೊಂಡರು. ಮೊದಲನೆಯದು ಗುರು-ಲಘು, ಗುರು-ಲಘು. ಎರಡನೆಯದು ಅದರ ತಿರುಗುಮುರುಗು. ಐದನೆಯದು ಬರೀ ಗುರು, ಆರನೆಯದು ಬರೀ ಲಘು. ಎಲ್ಲದರ ಲೆಕ್ಕ ಮೂರು ಮೂರರಲ್ಲಿ.

ಇದನ್ನು ಬರೆದ ಬಗೆ ಇನ್ನೂ ಜಾಣತನದ್ದು. ಹೊಸ ಗುರುತು ಒಂದನ್ನೂ ಹುಟ್ಟಿಸಲಿಲ್ಲ. ಒಂದೇ ಅಕ್ಷರದ ಮೇಲೆ ಬರುವ ಹಲವು ಸ್ವರಗಳನ್ನು ಒಟ್ಟಿಗೆ ಅಂಟಿಸಿ ಬರೆಯುವ ಅಭ್ಯಾಸ ಮೊದಲಿಂದಲೂ ಇತ್ತು. ಆ ಗೊಂಚಲುಗಳನ್ನೇ ಬಳಸಿಕೊಂಡರು. ಮೊದಲು ಮೂರು ಸ್ವರದ ಗೊಂಚಲು, ಆಮೇಲೆ ಎರಡೆರಡರ ಗೊಂಚಲು ಕಂಡರೆ ಅದು ಮೊದಲನೇ ಮಾದರಿ. ಎರಡೆರಡು ಬಂದು ಕೊನೆಗೆ ಮೂರು ಬಂದರೆ ಎರಡನೇ ಮಾದರಿ. ಮೊದಲು ಒಂಟಿ ಸ್ವರ, ಆಮೇಲೆ ಮೂರು ಮೂರರ ಗೊಂಚಲು ಬಂದರೆ ಮೂರನೆಯದು. ಒಂದು ಸ್ವರವನ್ನು ಮಾತ್ರ ನೋಡಿದರೆ ಅದು ಉದ್ದವೋ ಗಿಡ್ಡವೋ ಗೊತ್ತಾಗುವುದಿಲ್ಲ. ಸಾಲನ್ನು ನೋಡಿದರೆ ಗೊತ್ತಾಗುತ್ತದೆ. ಪ್ರಾಚೀನ ಯುರೋಪಿನ ಸಂಗೀತದಲ್ಲಿ ನನಗೆ ಇದಕ್ಕಿಂತ ಅಚ್ಚರಿ ತಂದ ಸಂಗತಿ ಇನ್ನೊಂದಿಲ್ಲ.

ಈಗ ಆ ನಾಲ್ಕು ದನಿಯ ಕೃತಿಯ ಒಳಗೆ ಹೋಗೋಣ. ಶುರುವಿನಲ್ಲೇ ಷಡ್ಜ, ಪಂಚಮ, ಮೇಲಿನ ಷಡ್ಜ ಒಟ್ಟಿಗೆ ನಿಲ್ಲುತ್ತವೆ. ಕೆಳಗಿನವನು ಹಳೆಯ ಧಾಟಿಯ ಮೊದಲ ಸ್ವರವನ್ನು ಹಿಡಿದು ಕೂತ. ಮೇಲಿನ ಮೂವರು ಗುರು-ಲಘುವಿನ ನಡಿಗೆಯಲ್ಲಿ ಕುಣಿಯುತ್ತಾರೆ. ಒಬ್ಬ ಹಾಡಿದ ತುಂಡನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಾನೆ, ಅವನದನ್ನು ಇವನು. ಮೂವರ ದನಿ ಒಂದೇ ಎತ್ತರದಲ್ಲಿ ಓಡಾಡುವುದರಿಂದ ಯಾರು ಯಾವುದನ್ನು ಹಾಡುತ್ತಿದ್ದಾರೆ ಎಂದು ಕಿವಿ ಬಿಡಿಸಲಾರದು. ಮಧ್ಯೆ ಮಧ್ಯೆ ಸ್ವರಗಳು ಒಂದಕ್ಕೊಂದು ಉಜ್ಜುತ್ತವೆ, ಸಾಲಿನ ಕೊನೆಗೆ ಮತ್ತೆ ಷಡ್ಜ ಪಂಚಮಕ್ಕೆ ಬಂದು ಕೂಡುತ್ತವೆ. ಹೀಗೆ ಎಷ್ಟೋ ಹೊತ್ತಿನ ಮೇಲೆ ಕೆಳಗಿನವನು ಮುಂದಿನ ಸ್ವರಕ್ಕೆ ಸರಿಯುತ್ತಾನೆ. ಇಡೀ ಕಟ್ಟಡವೇ ಒಂದು ಹೆಜ್ಜೆ ಜರುಗಿದಂತೆ ಆಗುತ್ತದೆ.

ಇನ್ನೊಂದು ವಿಷಯ. ಹಾಡಿನ ಮೊದಲ ಭಾಗದಲ್ಲಿ ನಾಲ್ಕು ದನಿಗೆ ಬರುವುದು 'ವಿಡೆರುಂತ್ ಓಮ್ನೆಸ್' ಎನ್ನುವ ಎರಡು ಪದ ಮಾತ್ರ, ಆಮೇಲೆ ಬರುವ ಒಂಟಿ ಗಾಯಕರ ಚರಣವೂ ಬಹುಪಾಲು ನಾಲ್ಕು ದನಿಯಲ್ಲೇ ಇದೆ. ಉಳಿದದ್ದನ್ನು ಇಡೀ ಗಾಯಕವೃಂದ ಹಳೆಯ ಪ್ರಕಾರ ಒಂದೇ ದನಿಯಲ್ಲಿ ಹಾಡುತ್ತದೆ. ಮೊದಲಿಂದಲೂ ನುರಿತ ಒಂಟಿ ಗಾಯಕರು ಹಾಡುತ್ತಿದ್ದ ಭಾಗ ಬಹುಧ್ವನಿಯಾಯಿತು, ಎಲ್ಲರೂ ಸೇರಿ ಹಾಡುತ್ತಿದ್ದ ಭಾಗ ಹಾಗೇ ಉಳಿಯಿತು. ಪೂಜೆಯ ಕ್ರಮದಲ್ಲಿ ಯಾರ ಜಾಗವೂ ಬದಲಾಗಲಿಲ್ಲ.

ಕಾಲ ಯಾವುದು? ಪ್ಯಾರಿಸಿನ ಬಿಷಪ್ ಓಡೊ ದ ಸುಲ್ಲಿ 1198ರಲ್ಲಿ ಒಂದು ಆಜ್ಞೆ ಹೊರಡಿಸಿದ. ಜನವರಿ 1ರ ಹಬ್ಬದಲ್ಲಿ ಕಿರಿಯ ಪಾದ್ರಿಗಳ ಗದ್ದಲ ಮಿತಿಮೀರಿತ್ತು, ಅದನ್ನು ನಿಲ್ಲಿಸುವುದು ಉದ್ದೇಶ. ಅದರಲ್ಲೇ ಕೆಲವು ಹಾಡುಗಳನ್ನು ಮೂರು ಅಥವಾ ನಾಲ್ಕು ದನಿಯಲ್ಲಿ ಹಾಡಬಹುದು ಎಂದು ಅಪ್ಪಣೆ ಕೊಟ್ಟ. ಮರುವರ್ಷ ಡಿಸೆಂಬರ್ 26ರ ಸಂತ ಸ್ತೆಫನನ ಹಬ್ಬಕ್ಕೂ ಆಜ್ಞೆ ಬಂತು. ಆ ಹಬ್ಬದ 'ಸೆಡೆರುಂತ್ ಪ್ರಿಂಚಿಪೆಸ್' ಪೆರೊಟಿನ್ ನಾಲ್ಕು ದನಿಗೆ ಕಟ್ಟಿದ ಇನ್ನೊಂದು ಕೃತಿ. ಹಾಗಾಗಿ ಈ ಎರಡೂ ಆ ವರ್ಷಗಳಲ್ಲೇ ಹುಟ್ಟಿರಬೇಕು ಎಂದು ಬಹಳ ಜನ ವಿದ್ವಾಂಸರು ಊಹಿಸುತ್ತಾರೆ.

ಈ ಹಾಡುಗಳನ್ನು ಗಾಯಕರು ಹೆಚ್ಚಾಗಿ ಬಾಯಿಪಾಠದಿಂದಲೇ ಹಾಡುತ್ತಿದ್ದರು ಎಂಬ ವಾದವೂ ಇದೆ. ನಮಗೆ ಉಳಿದಿರುವ ಪುಸ್ತಕಗಳು ಸ್ವಲ್ಪ ಈಚಿನವು. ಅವುಗಳಲ್ಲಿ ದೊಡ್ಡದು 1240ರ ದಶಕದಲ್ಲಿ ಪ್ಯಾರಿಸಿನಲ್ಲಿ ತಯಾರಾಗಿ ಈಗ ಫ್ಲಾರೆನ್ಸಿನಲ್ಲಿದೆ. ಇನ್ನೊಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿತ್ತು, ಈಗ ಜರ್ಮನಿಯಲ್ಲಿದೆ. ಪ್ಯಾರಿಸಿನ ಹಾಡು ಸ್ಕಾಟ್ಲೆಂಡಿನ ತನಕ ಹೋಗಿ ತಲುಪಿತು ಅಂದರೆ ಬರಹ ಎಂಥ ಕೆಲಸ ಮಾಡಿತು ನೋಡಿ.

ಇದನ್ನು ಎಲ್ಲರೂ ಮೆಚ್ಚಲಿಲ್ಲ. ಇಂಗ್ಲೆಂಡಿನ ಮಠಾಧಿಪತಿ ಏಲ್ರೆಡ್ 12ನೇ ಶತಮಾನದ ನಡುವಿನಲ್ಲೇ ದೂರಿದ್ದ: ಕೆಲವರು ಬಾಯಿ ತೆರೆದು ನಿಂತರೆ ಹಾಡುತ್ತಿದ್ದಾರೋ ಪ್ರಾಣ ಬಿಡುತ್ತಿದ್ದಾರೋ ತಿಳಿಯುವುದಿಲ್ಲ ಎಂಬ ಧಾಟಿಯಲ್ಲಿ. ಪ್ಯಾರಿಸಿನಲ್ಲಿ ಓದಿದ್ದ ಜಾನ್ ಆಫ್ ಸಾಲ್ಸ್‌ಬರಿಗೂ ಚರ್ಚಿನ ಹಾಡು ಕಿವಿಗೆ ಆಮಿಷ ಒಡ್ಡುತ್ತಿದೆ ಎಂಬ ಸಿಟ್ಟು. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪದ ಮರೆಯಾಗಿ ಬರೀ ನಾದ ಉಳಿದರೆ ಪ್ರಾರ್ಥನೆ ಎಲ್ಲಿ ಹೋಯಿತು ಎಂದು ಒಬ್ಬ ಸನ್ಯಾಸಿ ಕೇಳುವುದು ನ್ಯಾಯವೇ. ಆದರೆ ಮಠಗಳ ಒಳಗೇ ಮನಸ್ಸು ಬೇರೆ ಬೇರೆ ಇತ್ತು. ಏಲ್ರೆಡ್ ಸಿಸ್ಟರ್ಷಿಯನ್ ಪಂಥದವನು. ಅದೇ ಪಂಥದ ಸನ್ಯಾಸಿನಿಯರು ಸ್ಪೇನಿನ ಬುರ್ಗೊಸ್ ಹತ್ತಿರದ ಲಾಸ್ ಉವೆಲ್ಗಾಸ್ ಮಠದಲ್ಲಿ 14ನೇ ಶತಮಾನದ ಹೊತ್ತಿಗೆ ಬಹುಧ್ವನಿ ಹಾಡುಗಳ ದಪ್ಪ ಪುಸ್ತಕವನ್ನೇ ಇಟ್ಟುಕೊಂಡಿದ್ದರು. ಸ್ವರಗಳ ಹೆಸರನ್ನೇ ಹಾಡುವ ಎರಡು ದನಿಯ ಅಭ್ಯಾಸಪಾಠವೂ ಅದರಲ್ಲಿದೆ.

ಮುಂದಿನ ಹೆಜ್ಜೆಗೆ ಕಾರಣ ಪದ. 13ನೇ ಶತಮಾನದಲ್ಲಿ ಮೇಲಿನ ದನಿಯ ಉದ್ದನೆಯ ಹೆಣಿಗೆಗೆ ಹೊಸ ಪದ್ಯ ಹೊಂದಿಸತೊಡಗಿದರು. ಇದೇ ಮೋಟೆಟ್. ಮೊದಮೊದಲು ಲ್ಯಾಟಿನ್ ಭಕ್ತಿಪದ್ಯ, ಆಮೇಲೆ ಫ್ರೆಂಚ್ ಪ್ರೇಮಗೀತೆ. ಕೆಳಗೆ ಮಾತ್ರ ಅದೇ ಚರ್ಚಿನ ಧಾಟಿಯ ತುಂಡು. ಆದರೆ ಪ್ರತಿ ಸ್ವರಕ್ಕೂ ಒಂದೊಂದು ಅಕ್ಷರ ಬಂದ ಕೂಡಲೇ ಗೊಂಚಲು ಒಡೆಯಿತು. ಒಂದೇ ಅಕ್ಷರದ ಮೇಲೆ ಇರುವ ಸ್ವರಗಳನ್ನು ಮಾತ್ರ ಅಂಟಿಸಿ ಬರೆಯಬಹುದಿತ್ತಲ್ಲ. ಗೊಂಚಲು ಹೋಯಿತು ಅಂದರೆ ತಾಳದ ಗುರುತೂ ಹೋಯಿತು.

ಹಾಗಾಗಿ ಪ್ರತಿ ಸ್ವರದ ಆಕಾರದಲ್ಲೇ ಅದರ ಕಾಲವನ್ನು ತೋರಿಸಬೇಕಾಯಿತು. 1280ರ ಸುಮಾರಿಗೆ ಕಲೋನಿನ ಫ್ರಾಂಕೊ ಅದನ್ನು ಕ್ರಮಬದ್ಧವಾಗಿ ಬರೆದಿಟ್ಟ. ಬಾಲ ಇರುವ ಚೌಕ ಉದ್ದ, ಬಾಲ ಇಲ್ಲದ ಚೌಕ ಗಿಡ್ಡ, ವಜ್ರದ ಆಕಾರದ್ದು ಇನ್ನೂ ಗಿಡ್ಡ. ಮೌನಕ್ಕೂ ಅಳತೆಯ ಗೀಟು. ಮೂರರ ಲೆಕ್ಕವೇ ಪರಿಪೂರ್ಣ, ಯಾಕೆಂದರೆ ದೇವರು ತ್ರಿಯೇಕ ಎಂದು ಅವನ ಸಮರ್ಥನೆ. 14ನೇ ಶತಮಾನದಲ್ಲಿ ಫ್ರೆಂಚ್ ಸಂಗೀತಕಾರ ಫಿಲಿಪ್ ದ ವಿತ್ರಿಯ ಕಾಲದವರು ಎರಡರ ಲೆಕ್ಕಕ್ಕೂ ಸಮನಾದ ಜಾಗ ಕೊಟ್ಟರು.

ಆವಿನ್ಯೋನ್‌ನಲ್ಲಿದ್ದ ಪೋಪ್ 22ನೇ ಯೋವಾನ್ನ 1324-25ರಲ್ಲಿ ಇದನ್ನೆಲ್ಲ ಖಂಡಿಸಿದ. ಹೊಸಬರು ಧಾಟಿಯನ್ನು ಪುಡಿ ಸ್ವರಗಳಾಗಿ ಕತ್ತರಿಸುತ್ತಾರೆ, ಮೂಲವೇ ಕಾಣದ ಹಾಗೆ ಮಾಡುತ್ತಾರೆ ಎಂದ. ಹಬ್ಬದ ದಿನ ಮೂಲ ಧಾಟಿಯ ಮೇಲೆ ಮೇಲಿನ ಷಡ್ಜ, ಪಂಚಮ, ಮಧ್ಯಮದಂಥ ಸರಳ ಜೋಡಿಗಳನ್ನು ಇಡಬಹುದು ಎಂದು ಬಿಟ್ಟುಕೊಟ್ಟ. ಗಮನಿಸಿ, ಅವನು ಒಪ್ಪಿದ್ದು ನಾನೂರು ವರ್ಷ ಹಿಂದಿನ ಪಾಠಪುಸ್ತಕದಲ್ಲಿ ಇದ್ದದ್ದನ್ನೇ. ಅಷ್ಟರಲ್ಲಿ ಹಾಡುವವರು ಬಹಳ ದೂರ ಹೋಗಿಬಿಟ್ಟಿದ್ದರು. 1360ರ ದಶಕದ ಹೊತ್ತಿಗೆ ರೀಮ್ಸ್ ಪಟ್ಟಣದ ಗೀಯೋಮ್ ದ ಮಾಶೊ ಬಲಿಪೂಜೆಯಲ್ಲಿ ಹಬ್ಬ ಯಾವುದಾದರೂ ಪದ ಬದಲಾಗದೆ ಬರುವ ಹಾಡುಗಳನ್ನೆಲ್ಲ ನಾಲ್ಕು ದನಿಗೆ ಕಟ್ಟಿದ್ದ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: "ಸರ್, ಹಾಗಾದರೆ ಇವತ್ತು ಹಾಡುವವರಿಗೆ ಆ ಕಾಲದ ತಾಳ ಸರಿಯಾಗಿ ಗೊತ್ತಾಗುತ್ತಾ?" ಅದು ಯಾವ ಕೃತಿ ಅನ್ನುವುದರ ಮೇಲೆ ಹೋಗುತ್ತದೆ ಎಂದೆ. ಪೆರೊಟಿನ್‌ನ ನಾಲ್ಕು ದನಿಯ ಕೃತಿಗೆ ಬೇರೆ ಬೇರೆ ತಂಡಗಳ ಧ್ವನಿಮುದ್ರಣ ಕೇಳಿ. ವೇಗ ಬೇರೆ, ಕಂಠ ಬೇರೆ, ಆದರೆ ಗುರು-ಲಘುವಿನ ನಡಿಗೆ ಹೆಚ್ಚುಕಡಿಮೆ ಒಂದೇ. ಲಿಯೋನಿನ್ ಕಾಲದ ಎರಡು ದನಿಯ ಹಾಡುಗಳನ್ನು ಕೇಳಿದರೆ ಹಾಗಲ್ಲ. ಕೆಳಗಿನವನು ಸ್ವರ ಹಿಡಿದು ನಿಂತು, ಮೇಲಿನವನು ಒಬ್ಬನೇ ಹರಿದುಹೋಗುವ ಭಾಗಗಳಲ್ಲಿ ಕೆಲವರು ಅಳತೆ ಇಟ್ಟು ಹಾಡುತ್ತಾರೆ, ಕೆಲವರು ಆಲಾಪದಂತೆ ಬಿಡುಬೀಸಾಗಿ ಹಾಡುತ್ತಾರೆ. ವಿದ್ವಾಂಸರ ಜಗಳವೂ ಮುಗಿದಿಲ್ಲ. ಅಲ್ಲಿ ಕಾಲವನ್ನು ಬರೆಯುವ ಅಗತ್ಯ ಇನ್ನೂ ಬಂದಿರಲಿಲ್ಲ. ಇಬ್ಬರೇ ಇದ್ದರು, ಒಬ್ಬರನ್ನೊಬ್ಬರು ಕೇಳಿಸಿಕೊಂಡರೆ ಸಾಕಾಗುತ್ತಿತ್ತು.